ಗುಬ್ಬಿ, ಗಂಜಿ ಮತ್ತು ಜೋಳದ ಕಾವಲು

ಟೋಕಿಯೋದ ಪ್ರಕಾಶಕ ಹಸೆಗಾವಾ ತಾಕೆಜಿರೊ 1885ರಲ್ಲಿ ಆರಂಭಿಸಿದ ಜಪಾನಿ ಜನಪದ ಕಥೆಗಳ ಇಂಗ್ಲಿಷ್ ಮಾಲೆಯು ಮಕ್ಕಳ ಸಚಿತ್ರ ಪುಸ್ತಕಗಳ ಚರಿತ್ರೆಯಲ್ಲಿ ವಿಶಿಷ್ಟವಾದುದು. ಮರದ ಅಚ್ಚುಗಳಿಂದ ಚಿತ್ರಗಳನ್ನು ಮುದ್ರಿಸಿ, ಬಳಿಕ ಆ ಹಾಳೆಗಳನ್ನು ಒತ್ತಿ ಕುಗ್ಗಿಸಿ ನೆರಿಗೆಗಟ್ಟಿದ ರೇಷ್ಮೆಯಂತೆ ಮೃದುಗೊಳಿಸುತ್ತಿದ್ದುದರಿಂದ ಇವು ‘ಚಿರಿಮೆನ್’ ಪುಸ್ತಕಗಳೆನಿಸಿದವು. ಮಾಲೆಯ ಎರಡನೆಯ ಕಥೆ ನಾಲಿಗೆ ಕತ್ತರಿಸಿಕೊಂಡ ಗುಬ್ಬಿಯದು. ಆ ಕಥೆಯ ಪ್ರಚಲಿತ ರೂಪದಲ್ಲಿ, ಬಟ್ಟೆಗೆಂದು ಮಾಡಿಟ್ಟ ಗಂಜಿಯನ್ನು ತಿಂದ ಗುಬ್ಬಿಯ ನಾಲಿಗೆಯನ್ನು ಮುದುಕಿಯೊಬ್ಬಳು ಕತ್ತರಿಸಿ ಓಡಿಸುತ್ತಾಳೆ. ಅದನ್ನು ಹುಡುಕಿಕೊಂಡು ಹೋದ ಅವಳ ಗಂಡ ಉಡುಗೊರೆಯಾಗಿ ಹಗುರವಾದ ಬುಟ್ಟಿಯನ್ನು ಆರಿಸಿ, ಮನೆ ಮುಟ್ಟಿದ ಮೇಲೆ ತೆರೆದು ಸಂಪತ್ತು ಕಾಣುತ್ತಾನೆ. ಮುದುಕಿಯೋ ಭಾರದ್ದನ್ನೇ ಹೊತ್ತು, ಮನೆಯವರೆಗೂ ತಡೆಯಲಾರದೆ ದಾರಿಯಲ್ಲೇ ಬಿಚ್ಚಿ ಭೂತಗಳ ಕೈಗೆ ಸಿಕ್ಕುತ್ತಾಳೆ. ಇದನ್ನು ದುರಾಸೆಯ ಕಥೆಯೆನ್ನುವುದು ರೂಢಿಯಾದರೂ, ತಾಳ್ಮೆಯ ಕಥೆಯಾಗಿ ಓದಿದರೆ ರುಚಿ ಹೆಚ್ಚು.

ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಕ್ಕೆ ಈ ಗುಬ್ಬಿ ಬಂದರೆ ನ್ಯಾಯ ಹೇಳುವುದು ಅಷ್ಟು ಸುಲಭವಲ್ಲ. ಹಿಂಗಾರಿಯಲ್ಲಿ, ಎಂದರೆ ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ, ಬಿತ್ತಿ, ಬಹುಮಟ್ಟಿಗೆ ನೆಲದೊಳಗಿನ ಹಸಿಯನ್ನೇ ನಂಬಿ ಬೆಳೆದ ಬಿಳಿಜೋಳ ತೆನೆಗಟ್ಟಿ ಹಾಲುಗಾಳಾದಾಗ ಹಕ್ಕಿಗಳ ಹಿಂಡು ಇಳಿಯುತ್ತದೆ; ಆಗ ಹೊಲದ ನಡುವೆ ಅಟ್ಟ ಕಟ್ಟಿ, ಕಲ್ಲಿಟ್ಟು ಬೀಸಿ ಎಸೆಯುವ ಹಗ್ಗದ ಕವಣೆಯನ್ನು ಹಿಡಿದು ಕಾಯುವ ಕೆಲಸ ಮಕ್ಕಳ ಪಾಲಿಗೂ ಮುದುಕರ ಪಾಲಿಗೂ ಬರುತ್ತಿತ್ತು. ಪ್ರಸ್ತುತ ಲೇಖಕನ ಬಾಲ್ಯದ ಚಳಿಗಾಲಗಳು ಸಿಂದಗಿ ಸೀಮೆಯ ಇಂಥ ಅಟ್ಟದ ಮೇಲೆಯೇ ಕಳೆದವು. ಸೀತನಿಯ, ಎಂದರೆ ಎಳೆಯ ತೆನೆಯನ್ನು ಸುಟ್ಟು ಉಜ್ಜಿ ತೆಗೆದ ಕಾಳಿನ, ಆಸೆ ತೋರಿಸಿ ಅವನನ್ನು ಅಲ್ಲಿ ಕೂರಿಸಿಕೊಳ್ಳುತ್ತಿದ್ದ ಆಯಿ (ಅಜ್ಜಿಯನ್ನು ಆ ಕಡೆ ಹಾಗೆ ಕರೆಯುತ್ತಾರೆ) ಕಥೆ ಹೇಳುವಾಗ ಕೇಳುವವನು ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಕಥೆಯ ಪೆಟ್ಟಿಗೆ ಇನ್ನೇನು ತೆರೆಯಬೇಕೆನ್ನುವಷ್ಟರಲ್ಲಿ ಆಕೆಗೆ ಹೊಲದ ಆಚೆಯ ಮೂಲೆಯಲ್ಲಿ ತಪ್ಪದೆ ಹಕ್ಕಿಗಳು ಕಾಣುತ್ತಿದ್ದುದು ಕೇವಲ ಆಕಸ್ಮಿಕವಾಗಿರಲಾರದು.

ಈ ಸೀಮೆಯ ಬಾಯಿಮಾತಿನ ಸಾಹಿತ್ಯವನ್ನು ಬರಹಕ್ಕಿಳಿಸಿದವರಲ್ಲಿ, ಅಂದು ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ಪ್ರಮುಖರು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರಿದ್ದ ಆ ಬಳಗ 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಿತು. ಬೀಸುಕಲ್ಲಿನ ಮುಂದೆ ಕೂತು ಹಾಡಿದ ಆ ತ್ರಿಪದಿಗಳಿಗೆ, ಎಂದರೆ ಮೂರು ಸಾಲಿನ ಪದ್ಯಗಳಿಗೆ, ಚಿತ್ರದ ಅಗತ್ಯವೇ ಬೀಳಲಿಲ್ಲ. ಕಲ್ಲಿನ ಸುತ್ತೇ ಅವುಗಳ ನಡಿಗೆಯನ್ನು ನಿರ್ಧರಿಸುತ್ತಿತ್ತು, ಕಾಳು ಮುಗಿಯುವವರೆಗೆ ಅವಸರಕ್ಕೆ ಎಡೆಯೂ ಇರಲಿಲ್ಲ.

ಸಚಿತ್ರ ಪುಸ್ತಕದ ಕಥೆಗಾರನಿಗೆ ಈ ಹಿಡಿತವಿಲ್ಲ. ಗುಬ್ಬಿಯ ಕಥೆಯನ್ನು ಓದಿಸಿಕೊಳ್ಳಲು ಕುಳಿತ ಲೇಖಕನ ಮೊಮ್ಮಗಳು ಮೊದಲು ಕೊನೆಯ ಪುಟಗಳನ್ನು ಮಗುಚಿ, ಭೂತಗಳನ್ನೆಲ್ಲ ನೋಡಿ ಮುಗಿಸಿ, ಆಮೇಲೆ ನಿಶ್ಚಿಂತೆಯಿಂದ ಮೊದಲ ಪುಟಕ್ಕೆ ಬಂದಳು. ಮುದುಕಿಯ ತಪ್ಪನ್ನೇ ಮಾಡಿದರೂ ಅವಳಿಗೆ ಯಾವ ಕೇಡೂ ಆಗಲಿಲ್ಲ. ಅವಳ ತಕರಾರು ಬೇರೆಯೇ ಇತ್ತು: “ಗಂಜಿ ತಿಂದದ್ದು ಗುಬ್ಬೀದ ತಪ್ಪಲ್ಲೇನು, ಮುತ್ಯಾ?” ಜೋಳ ಕಾದು ಬೆಳೆದವನ ಎಣಿಕೆಯಲ್ಲಿ ತಪ್ಪು ಗುಬ್ಬಿಯದೇ, ಆದರೆ ಕತ್ತರಿ ಹೆಚ್ಚಾಯಿತು, ಒಂದು ಕವಣೆಕಲ್ಲು ಸಾಕಿತ್ತು, ಅದೂ ಗುರಿ ತಪ್ಪುವಂಥದ್ದು.