ಬೆಂಡು ಮುಳುಗುವ ಹೊತ್ತು

ಊರು ಮತ್ತು ಫೋನು | ಭಾಗ 4

ಕ್ಯಾಸನೂರು ಅಂತ ಗೂಗಲ್ ಮಾಡಿ ನೋಡಿ. ಮೊದಲು ಬರೋದು ಮಂಗನಕಾಯಿಲೆ. 1957ರಲ್ಲಿ ಇಲ್ಲಿನ ಕಾಡಿನಲ್ಲಿ ಗುರುತಿಸಿದ್ದಕ್ಕೆ ಆ ಕಾಯಿಲೆಗೆ ನಮ್ಮೂರ ಹೆಸರೇ ಅಂಟಿಕೊಂಡಿತು. ನನಗೆ ಮಾತ್ರ ಊರು ಅಂದ್ರೆ ಕೆರೆ ಏರಿ, ಅಪ್ಪನ ಗಾಳ, ನೀರ ಮೇಲೆ ಕೂತ ಬೆಂಡು.

ಆ ಗಾಳ ನಾನು ಮುಟ್ಟೋ ಹಾಗಿರಲಿಲ್ಲ. ಅಣ್ಣನ ಕೈಗೆ ಕೋಲು, ನನ್ನ ಕೈಗೆ ಎರೆಹುಳದ ಡಬ್ಬಿ. "ನಿಂಗ್ಯಾಕೆ ಅದೆಲ್ಲ, ಸುಮ್ನೆ ಕೂತ್ಕೊ" ಅಂತಿದ್ರು ಅಪ್ಪ. ಬೇಸಿಗೆಯ ಕೆರೆಬೇಟೆಯಲ್ಲೂ ಅದೇ ಕತೆ. ನೀರಿಳಿದ ಕೆರೆಗೆ ಕೂಣಿ ಹಿಡ್ಕೊಂಡು ಎಲ್ರೂ ನುಗ್ಗೋರು, ನಾನು ಏರಿ ಮೇಲೆ ಚಪ್ಪಲಿ ಕಾಯ್ತಿದ್ದೆ.

ನಾನು ಮೊದಲ ಮೀನು ಹಿಡಿದಿದ್ದು ಬೆಂಗಳೂರಿನ ಪಿಜಿಯಲ್ಲಿ, ಮಂಚದ ಮೇಲೆ ಮಲಗಿ, ಫೋನಲ್ಲಿ. ನಗಬೇಡಿ. ಫೋನು ಕೈಯಲ್ಲಿ ಗುರ್ರ್ ಅಂದಾಗ ನಿಜವಾಗ್ಲೂ ಎದೆ ಹೊಡ್ಕೊಂಡಿತ್ತು.

ಆಮೇಲೆ ಈ ಆಟಗಳ ಚರಿತ್ರೆ ಹುಡುಕ್ತಾ ಹೋದೆ. 1980ರಲ್ಲೇ ಡೇವಿಡ್ ಕ್ರೇನ್ ಅನ್ನೋರು ಅಟಾರಿ 2600ಕ್ಕೆ 'ಫಿಶಿಂಗ್ ಡರ್ಬಿ' ಮಾಡಿದ್ರು. ಎದುರುಬದುರು ಕೂತ ಇಬ್ಬರು, ನಡುವೆ ಮೀನು, ಸಿಕ್ಕ ಮೀನನ್ನ ಕಸಿಯೋಕೆ ಓಡಾಡೋ ಒಂದು ಶಾರ್ಕ್. ಮೊದಲು 99 ಪೌಂಡ್ ಹಿಡಿದವರು ಗೆದ್ದರು. ಅಲ್ಲಿ ಎಲ್ಲವೂ ಕಣ್ಣಿಗೆ ಮಾತ್ರ. 1997ರಲ್ಲಿ ಸೆಗಾದ ಬಾಸ್ ಮೀನಿನ ಆಟ ಆರ್ಕೇಡಿಗೆ ಬಂತು. ಅದನ್ನ ಮನೆಯಲ್ಲಿ ಡ್ರೀಮ್‌ಕ್ಯಾಸ್ಟ್‌ನಲ್ಲಿ ಆಡೋಕೆ ಗಾಳದ ಹಿಡಿಯಂಥದ್ದೇ ಕಂಟ್ರೋಲರ್ ಬಂತು, ಸುತ್ತೋಕೆ ರೀಲು ಸಮೇತ. 1998ರ 'ಝೆಲ್ಡಾ'ದಲ್ಲಂತೂ ರಾಜ್ಯ ಉಳಿಸಬೇಕಾದ ಹುಡುಗ ಎಲ್ಲ ಬಿಟ್ಟು ಕೊಳದ ದಡದಲ್ಲಿ ನಿಂತು ಗಾಳ ಹಾಕಬಹುದು! 2016ರ 'ಸ್ಟಾರ್ಡ್ಯೂ ವ್ಯಾಲಿ' ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ ಆಟ. ಅದರಲ್ಲಿ ಪುಟಿಯೋ ಮೀನನ್ನ ಹಸಿರು ಪಟ್ಟಿಯೊಳಗೆ ಹಿಡಿದಿಡಬೇಕು, ಬಿಟ್ರೆ ಹೋಯ್ತು.

ನನಗನಿಸೋದು, ಇಷ್ಟು ವರ್ಷ ಇವರೆಲ್ಲ ಬೆನ್ನಟ್ಟಿದ್ದು ಮೀನನ್ನಲ್ಲ. ಬೆಂಡು ಮುಳುಗಿ ದಾರ ಎಳೆಯುತ್ತಲ್ಲ, ಆ ಒಂದು ಜಗ್ಗು. ಅದನ್ನ ಅಂಗೈಗೆ ತರೋದು ಹೇಗೆ ಅಂತ.

ಆದ್ರೆ ನಾನಾಡ್ತಿದ್ದ ಫೋನ್ ಆಟಕ್ಕೆ (ಹೆಸರು ಬೇಡ) ಕಾಯೋದೇ ಗೊತ್ತಿರಲಿಲ್ಲ. ಎಸೆದ್ರೆ ಮೀನು. ದೊಡ್ಡದು ಬೇಕಾ, ದುಡ್ಡು ಕೊಟ್ಟು ಒಳ್ಳೆ ಗಾಳ ತಗೋ. ಒಂದೇ ತಿಂಗಳಲ್ಲಿ 2,300 ರೂಪಾಯಿ ಕೊಟ್ಟಿದ್ದೆ. ಅದು ಅಮ್ಮನಿಗೆ ಕಳಿಸಬೇಕಿದ್ದ ದುಡ್ಡು. ಅವತ್ತು ರಾತ್ರಿಯೇ ಆ ಆಟ ತೆಗೆದುಹಾಕಿದೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಈ ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪಲ್ಲಿ ಸ್ಟಾರ್ಡ್ಯೂ ಆಡ್ತಿದ್ದೆ. ಅಪ್ಪ ಹಿಂದೆ ಬಂದು ನಿಂತ್ರು.

"ಎಂತದೇ ಅದು?"

"ಮೀನು ಹಿಡಿಯೋದು."

ತುಂಬಾ ಹೊತ್ತು ನೋಡಿದ್ರು. "ಇದು ಹಾಕಿದಾಗೆಲ್ಲ ಕಚ್ಚತ್ತಲ್ಲೇ. ಕಚ್ಚದೇ ಇರೋ ದಿನ ಇಲ್ವಾ ಇದ್ರಲ್ಲಿ?"

ಯಾವತ್ತೂ ಕೇಳದ್ದನ್ನ ಅವತ್ತು ಕೇಳಿಬಿಟ್ಟೆ. "ಅಪ್ಪಾ, ನಂಗ್ಯಾಕೆ ಒಂದಿನಾನೂ ಕೋಲು ಕೊಡ್ಲಿಲ್ಲ?"

"ನೀನು ಕೇಳ್ಲೇ ಇಲ್ವಲ್ಲ."

ಕೇಳಿದ್ದೆ. ಎರಡು ಸಲ. ನಂಗೆ ಚೆನ್ನಾಗಿ ನೆನಪಿದೆ. ಹೇಳಿದೆ ಕೂಡ. ಅಪ್ಪ ಏನೂ ಮಾತಾಡದೆ ಒಳಗೆ ಹೋದ್ರು.

ಮಾರನೇ ದಿನ ಬೆಳಿಗ್ಗೆ ಜಗಲಿ ಮೇಲೆ ಗಾಳದ ಕೋಲು ಇತ್ತು. ಇಬ್ಬರೂ ಕೆರೆಗೆ ಹೋದ್ವಿ. ಕೋಲು ನನ್ನ ಕೈಲಿ. ಎರಡು ಗಂಟೆ ಕೂತ್ವಿ. ಒಂದು ಮೀನೂ ಕಚ್ಚಲಿಲ್ಲ.

ಹೋಗ್ತಾ ಬರ್ತಾ ಎರೆಹುಳದ ಡಬ್ಬಿ ಹಿಡ್ಕೊಂಡಿದ್ದು ಅಪ್ಪ.

ನಿಮ್ಮ ಮನೇಲಿ ಡಬ್ಬಿ ಹಿಡಿದವರು ಯಾರು? ಕಾಮೆಂಟಲ್ಲಿ ಹೇಳಿ.

#ಕ್ಯಾಸನೂರು #ಸೊರಬ #ಗಾಳ #ಊರುಮತ್ತುಫೋನು