ಯೋಶಿದಾ ಬೀದರಿಗೂ ಬಂದಿದ್ದರೆ

ತಾಜಮಹಲಿನ ಚಿತ್ರ ನೋಡದವರು ಯಾರಿದ್ದಾರೆ? ಕ್ಯಾಲೆಂಡರಿನಲ್ಲಿ, ಚಹಾದಂಗಡಿಯ ಗೋಡೆಯಲ್ಲಿ ನೋಡಿ ನೋಡಿ ಕಣ್ಣಿಗೆ ಜಡ್ಡು ಕಟ್ಟಿರುತ್ತದೆ. ನನ್ನ ಕಣ್ಣಿನ ಆ ಜಡ್ಡು ಬಿಡಿಸಿದವರು ಹಿರೋಶಿ ಯೋಶಿದಾ ಎಂಬ ಜಪಾನಿ ಕಲಾವಿದರು. 1930ರ ಕೊನೆಯಲ್ಲಿ ಹರೆಯದ ಮಗ ತೋಶಿಯನ್ನು ಕರೆದುಕೊಂಡು ಈ ದೇಶಕ್ಕೆ ಬಂದರು. ತಾಜನ್ನು ಬೆಳಗಿನ ಮಂಜಿನಲ್ಲಿ ನೋಡಿದರು, ರಾತ್ರಿಯಲ್ಲೂ ನೋಡಿದರು. ಊರಿಗೆ ಮರಳಿ ಹೊತ್ತುಹೊತ್ತಿನ ತಾಜನ್ನು ಬೇರೆಬೇರೆಯಾಗಿ ಮರದ ಅಚ್ಚಿನಲ್ಲಿ ಮೂಡಿಸಿದರು. ಮಂಜಿನ ತಾಜ್ ನೋಡಿದರೆ ಅಷ್ಟು ಅಮೃತಶಿಲೆಗೆ ತೂಕವೇ ಇಲ್ಲವೇನೋ ಅನಿಸುತ್ತದೆ.

ಅದೇ ಪ್ರವಾಸದಲ್ಲಿ ಅವರು ಅಜಂತಾ, ಎಲ್ಲೋರಾಗಳನ್ನೂ ಚಿತ್ರಿಸಿದರು. ನನ್ನ ಜೀವ ಚಡಪಡಿಸುವುದು ಇಲ್ಲಿಯೇ. ಆಗ ಅಜಂತಾ, ಎಲ್ಲೋರಾ, ಬೀದರ್ ಮೂರೂ ಒಬ್ಬನೇ ನಿಜಾಮನ ರಾಜ್ಯ. ಪುರಾತತ್ವ ಇಲಾಖೆಯ ಮುಖ್ಯಸ್ಥರೂ ಒಬ್ಬರೇ: ಅಜಂತಾದ ಮೇಲೆ ದೊಡ್ಡ ಸಂಪುಟಗಳನ್ನು ತಂದ ಗುಲಾಂ ಯಜ್ದಾನಿ. ಬೀದರಿನ ಕಟ್ಟಡಗಳ ಬಗ್ಗೆ 1947ರಲ್ಲಿ ಪುಸ್ತಕ ಬರೆದವರೂ ಅವರೇ. ಆ ಚಳಿಗಾಲದಲ್ಲಿ ನಮ್ಮ ಬೀದರಿನ ಬಗದಲ್ ಸೀಮೆಯ ಜೋಳ ತೆನೆ ಬಿಟ್ಟು, ಎಳ್ಳಮಾಸಿಗೆ ಜನ ಬಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿರಬೇಕು. ಅಷ್ಟು ಹತ್ತಿರ ಬಂದ ಆ ಕಣ್ಣು ನಮ್ಮ ಕಡೆ ಹೊರಳಲಿಲ್ಲ. ಅವರ ಭಾರತದ ಚಿತ್ರಗಳಲ್ಲಿ ಬೀದರ್ ಇಲ್ಲ.

ಯೋಶಿದಾ ಹುಟ್ಟಿದ್ದು 1876ರಲ್ಲಿ, ಕ್ಯೂಶೂ ದ್ವೀಪದ ಕುರುಮೆಯಲ್ಲಿ. ಚಿತ್ರಕಲೆಯ ಮೇಷ್ಟ್ರೊಬ್ಬರು ಹುಡುಗನ ಕೈ ನೋಡಿ ದತ್ತು ತೆಗೆದುಕೊಂಡರು. ಯೋಶಿದಾ ಎಂಬ ಹೆಸರು ಆ ಮನೆಯದು. ಮೊದಲು ಜಲವರ್ಣ, ತೈಲವರ್ಣ. 1899ರಲ್ಲಿ ಗೆಳೆಯನೊಬ್ಬನ ಜೊತೆ ಅಮೆರಿಕಕ್ಕೆ ಹೋಗಿ ಡೆಟ್ರಾಯಿಟ್‌ನಲ್ಲಿ ಚಿತ್ರ ಮಾರಿ ಹೆಸರು ಮಾಡಿದರು. ಮರದ ಅಚ್ಚಿಗೆ ಇಳಿದದ್ದು ತಡವಾಗಿ, ಅದೂ ವತನಾಬೆ ಎಂಬ ಪ್ರಕಾಶಕರಿಗಾಗಿ. 1923ರ ಭೂಕಂಪ, ಅದರ ಹಿಂದೆಯೇ ಎದ್ದ ಬೆಂಕಿ ಟೋಕಿಯೊವನ್ನು ಸುಟ್ಟಾಗ ಆ ಅಚ್ಚಿನ ಹಲಗೆಗಳೂ ಬೂದಿಯಾದವು. ಅವರು 1925ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಸ್ವಂತ ಕಾರ್ಖಾನೆ ತೆರೆದರು. ಆ ವಯಸ್ಸಿನಲ್ಲಿ ಹೊಸ ಕಸುಬಿಗೆ ಕೈ ಹಾಕುವ ಎದೆಗಾರಿಕೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಜಪಾನಿನ ಹಳೆಯ ಪದ್ಧತಿಯಲ್ಲಿ ಚಿತ್ರ ಬರೆಯುವವನು ಒಬ್ಬ, ಹಲಗೆ ಕೆತ್ತುವವನು ಒಬ್ಬ, ಅಚ್ಚು ಒತ್ತುವವನು ಇನ್ನೊಬ್ಬ. ಬೀದರಿನ ನಮ್ಮ ಬಿದ್ರಿ ಕಸುಬಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸತು, ತಾಮ್ರ ಕರಗಿಸಿ ಎರಕ ಹೊಯ್ಯುವ ಕೈ ಬೇರೆ, ಹೂಬಳ್ಳಿ ಕೊರೆಯುವ ಕೈ ಬೇರೆ, ಬೆಳ್ಳಿ ತಂತಿ ಕೂರಿಸುವ ಕೈ ಬೇರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಸೇರಿಸಿ ತಿಕ್ಕಿದಾಗ ಮೈಯೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಯೋಶಿದಾ ಕೂಡ ಕೆಲಸಗಾರರನ್ನು ಇಟ್ಟುಕೊಂಡಿದ್ದರು, ಆದರೆ ಅವರಿಗಿಂತ ಹೆಚ್ಚು ಕಸುಬು ತನಗೆ ತಿಳಿದಿರಬೇಕೆಂಬ ಹಟ. ಭೋರ್ಗರೆಯುವ ಹೊಳೆಯ ಒಂದು ಚಿತ್ರದ ಹಲಗೆಯನ್ನು 1928ರಲ್ಲಿ ತಾವೇ ಕೆತ್ತಿದರು.

ಕೆಲಸವೆಂದರೆ ಎಂಥ ಕೆಲಸ! ಹಲಗೆ ಕಾಡು ಚೆರ್ರಿ ಮರದ್ದು, ಕಾಗದ ಹಿಪ್ಪುನೇರಳೆ ಜಾತಿಯ ಗಿಡದ ನಾರಿನದು. ನೀರಿನಲ್ಲಿ ಕಲಸಿದ ಬಣ್ಣಕ್ಕೆ ಅಕ್ಕಿಯ ಅಂಟು ಬೆರೆಸಿ ಹಲಗೆಗೆ ಬಳಿದು, ತೇವದ ಕಾಗದ ಹಾಸಿ, ಬಿದಿರ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಹಿಂಬದಿ ಉಜ್ಜಬೇಕು. ಒಂದು ಬಣ್ಣಕ್ಕೆ ಒಂದು ಸಲ. ಯೋಶಿದಾರ ಚಿತ್ರಗಳಿಗೆ ಮೂವತ್ತು ಸಲದ ಒತ್ತು ಮಾಮೂಲು. ನಿಕ್ಕೊ ದೇಗುಲದ ಯೋಮೆಯ್ ದ್ವಾರದ 1937ರ ಚಿತ್ರಕ್ಕೆ 96 ಸಲ. ಪ್ರತಿ ಸಲವೂ ಕಾಗದ ಕೂದಲೆಳೆಯಷ್ಟೂ ಜರುಗಬಾರದು.

ಇಷ್ಟು ಕಷ್ಟಪಟ್ಟು ಕೆತ್ತಿಸಿದ ಹಲಗೆಗಳನ್ನು ಅವರು ಒಂದೇ ಹೊತ್ತಿಗೆ ಕಟ್ಟಿಹಾಕಲಿಲ್ಲ. 1926ರ ಹಾಯಿದೋಣಿಗಳನ್ನು ನೋಡಬೇಕು. ದೋಣಿ ಅವೇ, ನೀರು ಅದೇ, ಗೆರೆ ಅದೇ. ಬಣ್ಣ ಬದಲಿಸಿದ್ದಕ್ಕೇ ಒಮ್ಮೆ ಬೆಳಗು, ಒಮ್ಮೆ ಮಂಜು, ಒಮ್ಮೆ ಸಂಜೆ, ಒಮ್ಮೆ ರಾತ್ರಿ. ಒಂದು ಜಾಗವನ್ನು ಒಮ್ಮೆ ನೋಡಿ ಮುಗಿಸುವವರಿಗೆ ಈ ಚಿತ್ರಗಳು ಸಿಗುತ್ತಿರಲಿಲ್ಲ.

ಬೀದರಿಗೆ ಬರುವ ಪ್ರವಾಸಿಗಳು ಒಂದೇ ಮಧ್ಯಾಹ್ನದಲ್ಲಿ ಕೋಟೆ, ಚೌಬಾರಾ, ಅಷ್ಟೂರು ಎಲ್ಲ ಮುಗಿಸಿ ಹೊರಡುವುದನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಹಮೂದ್ ಗವಾನನ ಮದರಸಾ, 1472ರದು, ಮೂಡಣಕ್ಕೆ ಮುಖ ಮಾಡಿ ನಿಂತಿದೆ. ಉಳಿದಿರುವ ಒಂದೇ ಮಿನಾರಿನ ಹೆಂಚುಗಳ ನೀಲಿ ಕಾಣಬೇಕಾದರೆ ಎಳೆಬಿಸಿಲಿಗೇ ಹೋಗಬೇಕು. ಅಷ್ಟೂರಿನ ಸಾಲು ಗುಂಬಜ್‌ಗಳಿಗೆ ಸಂಜೆ ಒಳ್ಳೆಯದು. ಗುಂಬಜ್‌ಗಳ ಬೆನ್ನು ಕಪ್ಪಾಗುವವರೆಗೂ ಅಲ್ಲಿಂದ ಏಳಬಾರದು.

ನಮ್ಮ ಕಡೆಯ ಹುಡುಗ ಹುಡುಗಿಯರು ಯಾರಾದರೂ ಹಲಗೆ, ಉಳಿ ಹಿಡಿದರೆ ನಾನು ಮೊದಲು ಕೇಳುವ ಚಿತ್ರ ಕೋಟೆಯದು. ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮಾಡಿದ ಆ ಮೂರು ಸಾಲಿನ ಕಂದಕ, ಮಿರಗದ ಮೊದಲ ಮಳೆ ನಿಂತ ಮೇಲೆ. ಒಣಗಿದ ಕೆಂಪು, ನೆನೆದ ಕೆಂಪು, ಪಾಚಿಯ ಕೆಳಗಿನ ಕೆಂಪು, ನೀರಿನೊಳಗೆ ಕಾಣುವ ಕೆಂಪು. ಬರೀ ಆ ಕೆಂಪಿಗೇ ಹತ್ತು ಹಲಗೆ ಬೇಕಾದೀತು.