ಏರಿನ ನಡುವೆ ಗೇರು ಬದಲಿಸುವುದು

ಗಡಿಯಾಚೆಯ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುತ್ತಿರುವ ತಂದೆತಾಯಂದಿರೇ,

ಶಾಲೆಗಳು ಮತ್ತೆ ತೆರೆಯುವ ಜೂನ್ ಹತ್ತಿರವಾದಂತೆ ನಮ್ಮೆಲ್ಲರ ಮನೆಗಳಲ್ಲೂ ಒಂದೇ ಪ್ರಶ್ನೆ ಏಳುತ್ತದೆ. ಮಗುವನ್ನು ಕನ್ನಡ ಮಾಧ್ಯಮದಲ್ಲೇ ಮುಂದುವರಿಸುವುದೇ, ಇಲ್ಲಿಗೆ ಬಿಡಿಸಿ ಬೇರೆಡೆಗೆ ಸೇರಿಸುವುದೇ? ಈ ಪುಟದಲ್ಲಿ ಕಾಯಿದೆ, ಆದೇಶ, ಮನವಿಗಳ ಬಗ್ಗೆ ಬಲ್ಲವರು ಬರೆಯುತ್ತಿರುತ್ತಾರೆ. ನಾನು ಬರೆಯಹೊರಟಿರುವುದು ಸೈಕಲ್ಲಿನಲ್ಲಿ ಘಟ್ಟ ಹತ್ತುವ ವಿಚಾರ. ಇದಕ್ಕೂ ಅದಕ್ಕೂ ಏನು ನಂಟು ಎಂದು ಕೇಳದೆ ಕೊಂಚ ದೂರ ಜೊತೆಗೆ ಬನ್ನಿ. ನಂಟು ದಾರಿಯಲ್ಲೇ ಸಿಗುತ್ತದೆ.

ನಾನು ತಾಳವಾಡಿ ಸೀಮೆಯವನು. ವರನಟ ರಾಜಕುಮಾರರ ಗಾಜನೂರು ಇರುವ ಸೀಮೆ ಎಂದರೆ ಸೊಲ್ಲಾಪುರದ, ಆದವಾನಿಯ ಓದುಗರಿಗೂ ಗುರುತು ಸಿಕ್ಕೀತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಾವು ಮದರಾಸು ರಾಜ್ಯದಲ್ಲೇ ಉಳಿದೆವು. ಬಡಗಣಕ್ಕೆ ಹೋದರೆ ಚಾಮರಾಜನಗರ, ನಡುವೆ ಘಟ್ಟವಿಲ್ಲ. ಆದರೆ ನಮ್ಮ ಜಿಲ್ಲಾ ಕೇಂದ್ರ ಈರೋಡು. ಅಲ್ಲಿನ ಕಚೇರಿ, ದೊಡ್ಡಾಸ್ಪತ್ರೆ, ಕಾಲೇಜುಗಳಿಗೆ ಹೋಗಬೇಕಾದರೆ ದಿಂಬಂ ಘಟ್ಟದ 27 ಹಿಮ್ಮುರಿ ತಿರುವುಗಳನ್ನು ಇಳಿದು ಬಣ್ಣಾರಿ ಸೇರಬೇಕು, ಅಲ್ಲಿಂದ ಸತ್ಯಮಂಗಲ. ಸರಕಾರದ ಕೆಲಸಕ್ಕೆ ಇಳಿಯುತ್ತೇವೆ, ಮನೆಗೆ ಹಿಂದಿರುಗುವಾಗ ಏರುತ್ತೇವೆ. ಆ ಏರನ್ನು ನಾನು ಕೆಲವು ವರ್ಷಗಳಿಂದ ಗೇರಿನ ಸೈಕಲ್ಲಿನಲ್ಲಿ, ಇಬ್ಬರು ಮೂವರು ಗೆಳೆಯರೊಡನೆ, ಆಗೀಗ ಹತ್ತುತ್ತಿದ್ದೇನೆ.

ಮೊದಲು ಏರಿನ ಲೆಕ್ಕವನ್ನು ನೋಡೋಣ. ನೂರು ಮೀಟರ್ ಮುಂದೆ ಸಾಗುವಷ್ಟರಲ್ಲಿ ರಸ್ತೆ ಎಂಟು ಮೀಟರ್ ಮೇಲೇರಿದರೆ ಅದು ಶೇಕಡಾ ಎಂಟರ ಏರು. ಸವಾರ, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ ಇದೆಯೆನ್ನಿ. ಇಂಥ ಏರಿನಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹೋಗಲು, ಆ ಭಾರವನ್ನು ಮೇಲೆತ್ತುವುದಕ್ಕೆಂದೇ 140 ವ್ಯಾಟಿನಷ್ಟು ಶಕ್ತಿ ಬೇಕು. ವೇಗವನ್ನು ಇಮ್ಮಡಿಸಿದರೆ ಶಕ್ತಿಯೂ ಇಮ್ಮಡಿಯಾಗಬೇಕು. ಪಂದ್ಯಗಳಿಗೆಂದು ವರ್ಷಗಟ್ಟಲೆ ಪಳಗಿದವರು ಅಷ್ಟನ್ನು ಬಹುಹೊತ್ತು ಕೊಡಬಲ್ಲರು. ಹೊಲದ ಕೆಲಸ ಮುಗಿಸಿ ಭಾನುವಾರ ಸೈಕಲ್ ಹತ್ತುವ ನನ್ನಂಥವನು ಕೊಡಲಾರ. ಆದ್ದರಿಂದ ಘಟ್ಟ ಹತ್ತುವವನ ಮೊದಲ ತೀರ್ಮಾನ ತನ್ನ ನಡಿಗೆ ಯಾವುದೆಂಬುದು. ಉಸಿರು ಕಟ್ಟದೆ ಒಂದು ಪೂರ್ಣ ವಾಕ್ಯ ಆಡಲು ಸಾಧ್ಯವಾಗುವಷ್ಟು ವೇಗವೇ ಸರಿಯಾದ ವೇಗ. ಮೊದಲ ಮೂರು ನಾಲ್ಕು ತಿರುವುಗಳಲ್ಲಿ ಕಾಲು ಹೊಸದಾಗಿರುತ್ತದೆ, ಹುರುಪು ಹೆಚ್ಚಿರುತ್ತದೆ. ಅಲ್ಲಿ ಮುಂದೆ ಓಡಿದವರು ಹತ್ತನೆಯ ತಿರುವಿನ ಬದಿಯಲ್ಲಿ ಸೈಕಲ್ ಒರಗಿಸಿ ಕೂತಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಎರಡನೆಯದು ಗೇರು. ನನ್ನ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 32 ಹಲ್ಲು. ಪೆಡಲನ್ನು ಒಂದು ಸುತ್ತು ತುಳಿದರೆ ಸೈಕಲ್ಲು 2.2 ಮೀಟರಿನಷ್ಟು ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 8 ಕಿಲೋಮೀಟರ್ ದಕ್ಕುತ್ತದೆ, ಕಾಲು ಹಗುರವಾಗಿ ತಿರುಗುತ್ತದೆ. ಇನ್ನು ಗೇರಿಲ್ಲದ ಊರ ಸೈಕಲ್ಲನ್ನು ನೋಡಿ. ಮುಂದೆ 44, ಹಿಂದೆ 18 ಹಲ್ಲಿದ್ದರೆ ಒಂದೇ ಸುತ್ತಿಗೆ 5.4 ಮೀಟರಿನಷ್ಟು ದೂರ ಹೋಗುತ್ತದೆ. ಸಮತಟ್ಟಿನಲ್ಲಿ ಅದು ವರವೇ ಸರಿ. ಏರಿನಲ್ಲಿ ಅದೇ 8 ಕಿಲೋಮೀಟರಿಗೆ ನಿಮಿಷಕ್ಕೆ 25 ಸುತ್ತು ಮಾತ್ರ ತಿರುಗುತ್ತದೆ, ಪ್ರತಿ ತುಳಿತಕ್ಕೂ ಎರಡೂವರೆ ಪಟ್ಟಿನಷ್ಟು ಒತ್ತಡ ಬೀಳುತ್ತದೆ. ತಮಿಳುನಾಡು ಸರಕಾರ ಹನ್ನೊಂದನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುತ್ತದೆ; ಕರ್ನಾಟಕದಲ್ಲೂ ಎಂಟನೆಯ ತರಗತಿಯವರಿಗೆ ಕೊಟ್ಟದ್ದುಂಟು. ಎಷ್ಟೋ ಹೆಣ್ಣುಮಕ್ಕಳ ಓದನ್ನು ಉಳಿಸಿದ ಸೈಕಲ್ಲುಗಳವು. ಆದರೆ ಅವೇ ಸೈಕಲ್ಲುಗಳಲ್ಲಿ ದಿಂಬಂ ಹತ್ತಿರೆಂದರೆ ಯಾವ ಮಗುವೂ ಹತ್ತಲಾರದು. ಹತ್ತಲಾಗದಿದ್ದುದಕ್ಕೆ ಮಗುವಿನ ಕಾಲನ್ನು ದೂರುವುದು ನ್ಯಾಯವಲ್ಲ. ನೀಲಗಿರಿಯ ಬೆಟ್ಟದ ರೈಲನ್ನು ಕಂಡವರು ಇದನ್ನು ಸುಲಭವಾಗಿ ಒಪ್ಪುತ್ತೀರಿ. ಕಲ್ಲಾರಿನಿಂದ ಕೂನೂರಿಗೆ ಹನ್ನೆರಡಕ್ಕೆ ಒಂದರಷ್ಟು ಏರು ಬರುವ ಕಡೆ, ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಹತ್ತುವಂತೆ ಮಾಡಿದ್ದಾರೆ. ಉಗಿಬಂಡಿಗೂ ಬೇಕಾದ ಏರ್ಪಾಡನ್ನು ಮನುಷ್ಯನ ಕಾಲು ಕೇಳಿದರೆ ಅದು ದೌರ್ಬಲ್ಯವಾಗದು.

ಮೂರನೆಯದು ತಿರುವು. ನಾವು ರಸ್ತೆಯ ಎಡಗಡೆ ಹೋಗುವವರು. ಬಲಕ್ಕೆ ಹೊರಳುವ ತಿರುವಿನಲ್ಲಿ ಹೊರ ಅಂಚು ನಮ್ಮದಾಗುತ್ತದೆ. ಅಲ್ಲಿ ದಾರಿ ಉದ್ದ, ಏರು ಕಡಿಮೆ, ಕಾಲಿಗೆ ತುಸು ಬಿಡುವು. ಎಡಕ್ಕೆ ಹೊರಳುವ ತಿರುವಿನಲ್ಲಿ ಒಳ ಅಂಚು. ಅಲ್ಲಿ ರಸ್ತೆ ಗೋಡೆಯಂತೆ ಎದ್ದು ನಿಂತಿರುತ್ತದೆ. ಈ ಎಡ ತಿರುವಿಗೆ ಹೊಕ್ಕ ಮೇಲೆ ಗೇರು ಬದಲಿಸಹೋಗಬಾರದು. ಕಾಲು ಪೂರ್ತಿ ಭಾರ ಹಾಕಿ ತುಳಿಯುತ್ತಿರುವಾಗ ಚೈನು ಬೇರೆ ಹಲ್ಲಿಗೆ ಸಲೀಸಾಗಿ ಕೂರುವುದಿಲ್ಲ. ಕರಕರನೆ ಕಿತ್ತಾಡುತ್ತದೆ, ಕೆಲವೊಮ್ಮೆ ಕಳಚಿಯೇ ಬೀಳುತ್ತದೆ. ಸೈಕಲ್ಲು ನಿಂತರೆ ಆ ಕಡಿದಾದ ಜಾಗದಲ್ಲಿ ಮತ್ತೆ ಹತ್ತಿ ಹೊರಡುವುದು ಬಲು ಕಷ್ಟ. ಹಿಂದಿನಿಂದ ಕಬ್ಬಿನ ಲಾರಿ ಬರುತ್ತಿದ್ದರಂತೂ ಪ್ರಾಣಕ್ಕೇ ಸಂಚಕಾರ. ಬದಲಿಸುವುದಿದ್ದರೆ ತಿರುವಿಗೆ ಹತ್ತು ಮಾರು ಮುಂಚೆ, ಕಾಲಿನ ಒತ್ತಡ ಒಂದು ಕ್ಷಣ ಸಡಿಲಿಸಿ ಬದಲಿಸಬೇಕು; ಇಲ್ಲವೇ ತಿರುವು ದಾಟಿ ರಸ್ತೆ ಸಮವಾದ ಮೇಲೆ ಬದಲಿಸಬೇಕು. ಲಾರಿ, ಬಸ್ಸುಗಳು ತಿರುವಿನಲ್ಲಿ ರಸ್ತೆಯ ಇಡೀ ಅಗಲವನ್ನು ಬಳಸುತ್ತವೆ. ಅವುಗಳ ಸದ್ದು ಕೇಳಿದರೆ ತಿರುವಿಗೆ ಮೊದಲೇ ಇಳಿದು ಬದಿಗೆ ನಿಲ್ಲುವುದು ಜಾಣತನ. ಇನ್ನು ಇದು ಹುಲಿ ಸಂರಕ್ಷಿತ ಕಾಡು. ಬೆಳಕು ಪೂರ್ತಿ ಹರಡಿದ ಮೇಲೆಯೇ, ತಪಾಸಣಾ ಠಾಣೆಯವರನ್ನು ಕೇಳಿಯೇ ಹೊರಡಬೇಕು. ಆನೆ ಕಂಡರೆ ಎಷ್ಟು ಹೊತ್ತಾದರೂ ಕಾಯಬೇಕು.

ಘಟ್ಟದ ಪಾಠ ಇಷ್ಟೇ. ಇನ್ನು ನನ್ನ ಮನೆಯ ವಿಚಾರ.

ನನ್ನ ಮಗಳು ಊರಿನ ಸರಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಮುಗಿಸಿದ್ದಾಳೆ. ಕಳೆದ ಬೇಸಿಗೆಯಲ್ಲಿ ನನ್ನ ಹೆಂಡತಿಯ ತಮ್ಮ ಬಂದಿದ್ದವನು ಊಟಕ್ಕೆ ಕೂತಾಗ ಮಾತು ತೆಗೆದ. “ಭಾವ, ಎಂಟು ಮುಗೀತಿದ್ದಂಗೆ ಮಗೀನ ಕೆಳಕ್ಕೆ ಕಳ್ಸಿಬಿಡಿ. ಇಂಗ್ಲಿಷ್ ಶಾಲೆ, ಹಾಸ್ಟೆಲ್ಲು ಎಲ್ಲಾ ಅದೆ. ಇಲ್ಲೇ ಕನ್ನಡ ಕನ್ನಡ ಅಂತ ಕೂತ್ರೆ ಹಿಂದೆ ಬೀಳ್ತಾಳೆ” ಎಂದ. ಅವನ ಮಾತಿನಲ್ಲಿ ಪ್ರೀತಿಯಿತ್ತು. ಅವನು ಹೇಳಿದ ಭಯವೂ ಸುಳ್ಳಲ್ಲ. ನಿಮ್ಮ ಮನೆಗಳಲ್ಲೂ ಇಂಥ ಭಾವಮೈದುನರು, ಅಣ್ಣಂದಿರು, ಚಿಕ್ಕಪ್ಪಂದಿರು ಇದ್ದೇ ಇರುತ್ತಾರೆ. ನಾನು ಆಗ ಉತ್ತರ ಹೇಳಲಿಲ್ಲ. ಹಲವು ದಿನ ಯೋಚಿಸಿದೆ.

ಆ ದಿನಗಳಲ್ಲೇ ಮಗಳು ತನ್ನ ಸೈಕಲ್ಲಿನಲ್ಲಿ ಊರ ಹೊರಗಿನ ದಿಣ್ಣೆ ಹತ್ತಲು ಕಲಿಯುತ್ತಿದ್ದಳು. ದಿಣ್ಣೆ ಎಷ್ಟು ಕಡಿದು ಎಂದು ಕೇಳಿದಳು. ಗಾರೆಯವರಿಂದ ಒಂದು ರಸಮಟ್ಟ ಬೇಡಿ ತಂದೆವು. ಸರಿಯಾಗಿ ಒಂದು ಮೀಟರ್ ಉದ್ದದ ನೇರ ಹಲಗೆಯನ್ನು ರಸ್ತೆಯ ಮೇಲೆ ಏರಿನ ದಿಕ್ಕಿಗೆ ಇಟ್ಟು, ಅದರ ಮೇಲೆ ರಸಮಟ್ಟ ಇರಿಸಿ, ಗುಳ್ಳೆ ನಡುವಿಗೆ ಬರುವವರೆಗೂ ಹಲಗೆಯ ಕೆಳತುದಿಯನ್ನು ಮೇಲೆತ್ತಿದೆವು. ಎತ್ತಿದ ತುದಿಗೂ ನೆಲಕ್ಕೂ ನಡುವೆ ಏಳು ಸೆಂಟಿಮೀಟರ್. ಮೀಟರಿಗೆ ನೂರು ಸೆಂಟಿಮೀಟರ್; ಆದ್ದರಿಂದ ಶೇಕಡಾ ಏಳು. ಅವಳು ಒಂದಷ್ಟು ಹೊತ್ತು ಆ ಸಂದನ್ನೇ ನೋಡುತ್ತ ಕೂತಳು. “ಅಪ್ಪ, ನೂರಕ್ಕೆ ಏಳು ಅಂದ್ರೆ ಇಷ್ಟೇನಾ? ಕಾಲಿಗೆ ಇಪ್ಪತ್ತು ಅನ್ಸುತ್ತೆ” ಎಂದಳು. ಪಠ್ಯಪುಸ್ತಕದಲ್ಲಿ ಬಡ್ಡಿ, ಲಾಭ, ನಷ್ಟಗಳ ಲೆಕ್ಕವಾಗಿದ್ದ ಶೇಕಡಾ ಅಂದು ಅವಳ ಮೀನಖಂಡಕ್ಕೆ ಇಳಿಯಿತು. ಮಾರನೆಯ ದಿನ ಎರಡು ಸೈಕಲ್ಲುಗಳ ಹಲ್ಲು ಎಣಿಸಿ ಅನುಪಾತ ಬರೆದಳು. ತನ್ನ ಸೈಕಲ್ಲು ಏಕೆ ಅಷ್ಟು ಭಾರವೆಂದು ತಾನೇ ಕಂಡುಕೊಂಡಳು.

ಕೆಲವು ದಿನಗಳ ಬಳಿಕ ಶಾಲೆಯ ಬಳಿ ತಮಿಳು ಮಾತಾಡುವ ಗೆಳತಿಗೆ ಇದೇ ಹಲಗೆಯ ಸಂಗತಿಯನ್ನು ಅವಳು ವಿವರಿಸುತ್ತಿದ್ದುದು ನನ್ನ ಕಿವಿಗೆ ಬಿತ್ತು. ತಮಿಳಿನಲ್ಲಿ ‘ಸದವೀದಂ’ ಎಂಬ ಪದ ಸಿಗುವವರೆಗೂ ತುಸು ತಡವರಿಸಿದಳು. ಗೆಳತಿಯೇ ಪದ ಒದಗಿಸಿದಳು. ಆಮೇಲೆ ವಿವರಣೆ ಸರಾಗವಾಗಿ ಹರಿಯಿತು. ಇಂಗ್ಲಿಷಿನ ‘ಪರ್ಸೆಂಟ್’ ಅವಳಿಗೆ ಮೊದಲೇ ಗೊತ್ತಿತ್ತು. ಶೇಕಡಾ, ಸದವೀದಂ, ಪರ್ಸೆಂಟ್: ಮೂರು ಹೆಸರು, ವಸ್ತು ಒಂದೇ. ಆ ವಸ್ತು ಒಂದು ಭಾಷೆಯಲ್ಲಿ ಗಟ್ಟಿಯಾಗಿ ಕೈಗೆ ಸಿಕ್ಕಿದ್ದರಿಂದ ಉಳಿದೆರಡು ಭಾಷೆಗಳಲ್ಲಿ ಅವಳಿಗೆ ಬೇಕಾದದ್ದು ಪದ ಮಾತ್ರ.

ನನಗೆ ಉತ್ತರ ಸಿಕ್ಕಿತು. ಒಂಬತ್ತು ಮತ್ತು ಹತ್ತನೆಯ ತರಗತಿಗಳು ನಮ್ಮ ಮಕ್ಕಳ ಓದಿನ ಎಡ ತಿರುವು. ಬೀಜಗಣಿತ, ವಿಜ್ಞಾನ, ಸಾರ್ವಜನಿಕ ಪರೀಕ್ಷೆ ಎಲ್ಲವೂ ಒಟ್ಟಿಗೆ ಎದ್ದು ನಿಲ್ಲುವ ಜಾಗ. ಮಗು ಪೂರ್ತಿ ಭಾರ ಹಾಕಿ ತುಳಿಯುತ್ತಿರುವ ಆ ಹೊತ್ತಿಗೆ ಮಾಧ್ಯಮವನ್ನೂ ಬದಲಿಸಿದರೆ ಚೈನು ಕಳಚುವ ಅಪಾಯವುಂಟು. ಆಗ ನಿಂತುಹೋದ ಮಗುವನ್ನು ದಡ್ಡ ಎನ್ನುತ್ತೇವೆ. ಮಗಳು ಹತ್ತನೆಯ ತರಗತಿಯವರೆಗೂ ಕನ್ನಡದಲ್ಲೇ ಓದಲಿ ಎಂದು ನಾವು ಗಂಡಹೆಂಡಿರು ತೀರ್ಮಾನಿಸಿದೆವು. ಭಾವಮೈದುನನಿಗೂ ಇದನ್ನೇ ಹೇಳಿದೆ. ಅವನು ಪೂರ್ತಿ ಒಪ್ಪಿಲ್ಲ. ಒಪ್ಪಲೇಬೇಕೆಂದು ನಾನು ಹಟ ಹಿಡಿದೂ ಇಲ್ಲ.

ಆದರೆ ಕೆಳಗೇರು ಹಾಕಿಕೊಂಡು ಸಮತಟ್ಟಿನಲ್ಲೂ ಅದರಲ್ಲೇ ಉಳಿಯುವ ಸವಾರ ದೂರ ಹೋಗಲಾರ. ಹತ್ತರ ನಂತರ ನಮ್ಮ ಮಕ್ಕಳಿಗೆ ತಮಿಳೋ ಇಂಗ್ಲಿಷೋ ಬೇಕೇ ಬೇಕು. ಕಾಸರಗೋಡಿನವರಿಗೆ ಮಲಯಾಳ, ಜತ್ತ, ಅಕ್ಕಲಕೋಟೆಯವರಿಗೆ ಮರಾಠಿ, ಮಡಕಶಿರಾದವರಿಗೆ ತೆಲುಗು. ತಮಿಳುನಾಡಿನಲ್ಲಿ 2006ರ ಕಾಯಿದೆ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು. ಕೇರಳದಲ್ಲಿ 2017ರಲ್ಲಿ ಮಲಯಾಳಕ್ಕೆ, ತೆಲಂಗಾಣದಲ್ಲಿ 2018ರಲ್ಲಿ ತೆಲುಗಿಗೆ, ಮಹಾರಾಷ್ಟ್ರದಲ್ಲಿ 2020ರಲ್ಲಿ ಮರಾಠಿಗೆ ಇಂಥವೇ ಕಾಯಿದೆಗಳು ಬಂದವು. ಪರೀಕ್ಷೆಯ ವಿನಾಯಿತಿಗಾಗಿ ನಾವು ನ್ಯಾಯಾಲಯಕ್ಕೆ ಹೋಗುವುದು ಬೇರೆ ಮಾತು. ನೆರೆಯವರ ಭಾಷೆಯನ್ನು ಮಗುವಿನಿಂದ ದೂರವಿಡುವುದು ಬೇರೆ ಮಾತು. ಈಗಿನಿಂದಲೇ ಮಗಳ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಮೂರು ಸಾಲು ಗೆರೆ ಹಾಕಿದ್ದೇವೆ. ಗಣಿತ, ವಿಜ್ಞಾನದ ಹೊಸ ಪದ ಬಂದಾಗಲೆಲ್ಲ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಬರೆಯುತ್ತಾಳೆ. ತಿರುವಿಗೆ ಹತ್ತು ಮಾರು ಮುಂಚೆ ಗೇರಿಗೆ ಕೈಯಿಡುವುದೆಂದರೆ ನನ್ನ ಮಟ್ಟಿಗೆ ಇದೇ. ಈ ಅಭ್ಯಾಸಕ್ಕೆ ಖರ್ಚಿಲ್ಲ. ನಿಮ್ಮ ಮನೆಯಲ್ಲೂ ಇಂದೇ ಆರಂಭಿಸಬಹುದು.

ಕೊನೆಯದಾಗಿ ಒಂದು ಮಾತು. ಕೆಳಗೇರು ಸೈಕಲ್ಲಿನಲ್ಲಿ ಇದ್ದರೆ ತಾನೇ ಹಾಕುವುದು? ಕನ್ನಡ ಬಲ್ಲ ಗಣಿತದ ಶಿಕ್ಷಕರಿಲ್ಲದಿದ್ದರೆ, ಪಠ್ಯಪುಸ್ತಕ ವೇಳೆಗೆ ಬಾರದಿದ್ದರೆ, ನಾನು ಇಷ್ಟು ಹೊತ್ತು ಹೇಳಿದ್ದೆಲ್ಲ ವ್ಯರ್ಥ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ನಮ್ಮಂಥವರ ದೂರುಗಳನ್ನು ಪರಿಶೀಲಿಸಲು 350ಬಿ ವಿಧಿಯಡಿ ವಿಶೇಷಾಧಿಕಾರಿಯ ಹುದ್ದೆಯಿದೆ. ಜೂನ್ ಬರುವ ಮುನ್ನ ನಿಮ್ಮ ಶಾಲೆಗೆ ಹೋಗಿ, ಯಾವ ವಿಷಯಕ್ಕೆ ಶಿಕ್ಷಕರಿಲ್ಲ, ಯಾವ ತರಗತಿಗೆ ಪುಸ್ತಕ ಬಂದಿಲ್ಲ ಎಂಬುದನ್ನು ಮುಖ್ಯೋಪಾಧ್ಯಾಯರಿಂದ ಕೇಳಿ ತಿಳಿದುಕೊಳ್ಳಿ. ನಾಲ್ಕಾರು ತಂದೆತಾಯಂದಿರು ಸೇರಿ ಶಿಕ್ಷಣ ಕಚೇರಿಗೆ ಲಿಖಿತ ಮನವಿ ಕೊಡಿ, ಮನವಿ ತಲುಪಿದ್ದಕ್ಕೆ ಸಹಿ, ಮೊಹರು ಪಡೆದು ಪ್ರತಿಯೊಂದನ್ನು ಇಟ್ಟುಕೊಳ್ಳಿ. ನಮ್ಮೂರಿನ ಮನವಿ ಸಿದ್ಧವಾಗಿದೆ. ಅದನ್ನು ಹಿಡಿದು ಬರುವ ಸೋಮವಾರ ನಾವು ಐವರು ಘಟ್ಟ ಇಳಿಯಲಿದ್ದೇವೆ; ಬಸ್ಸಿನಲ್ಲಿ.